ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಂಡರೆ ಕುಡಿತ ಬಿಡುತ್ತದಾ? ಗೊತ್ತಿದ್ದವರು ಹೇಳಿ

ತೀರ್ಥಹಳ್ಳಿ ತಂಗಿ

ಎಲ್ಲರಿಗೂ ನಮಸ್ಕಾರ. ಅಣ್ಣನ ವಿಷಯ ಕೇಳಬೇಕಿತ್ತು. ಊರಲ್ಲಿ ಒಬ್ಬರ ಹತ್ತಿರ ಬಾಯಿ ಬಿಟ್ಟರೆ ಸಂಜೆಯೊಳಗೆ ಆಗುಂಬೆ ಮುಟ್ಟಿರುತ್ತದೆ. ಅದಕ್ಕೆ ಇಲ್ಲಿ.

ಅಣ್ಣನಿಗೆ 43. ಎರಡೂವರೆ ಎಕರೆ ಅಡಿಕೆ ತೋಟ. ಮೊದಲು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನ ಮಾತ್ರ, ಆಳುಗಳ ಜೊತೆ ಒಂದು ನೈಂಟಿ, ಮೈ ಬೆಚ್ಚಗಿರಲಿ ಅಂತ. ಆಮೇಲೆ ಮಳೆ ಬಂದ ದಿನವೆಲ್ಲ. ನಮ್ಮ ಕಡೆ ಮಳೆ ಎಷ್ಟು ದಿನ ಬರುತ್ತದೆ ಅಂತ ನಿಮಗೆ ಗೊತ್ತಲ್ಲ. ಈಗ ಬಿಸಿಲಿದ್ದರೂ ಬೇಕು. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಇಳಿದ ಮೇಲೆಯೇ ಕಾಫಿ ಲೋಟ ಹಿಡಿಯುವುದು.

ಒಂದು ಶಿಬಿರಕ್ಕೆ ಹೋಗಿ ಬಂದು ಐದು ತಿಂಗಳು ಮುಟ್ಟಿರಲಿಲ್ಲ. ದಾಯಾದಿಗಳ ಮನೆ ಮದುವೆಯ ಹಿಂದಿನ ರಾತ್ರಿ ಮತ್ತೆ ಶುರುವಾಯಿತು. ಆಮೇಲೆ ಡಾಕ್ಟರು ನಾಲ್ಟ್ರೆಕ್ಸೋನ್ ಅಂತ ಮಾತ್ರೆ ಬರೆದರು, ದಿನಕ್ಕೊಂದು. ಅತ್ತಿಗೆ ಕೊಡುತ್ತಾರೆ. ಇವನು ನುಂಗಿದ ಹಾಗೆ ಮಾಡಿ ಬಚ್ಚಲಲ್ಲಿ ಉಗಿಯುತ್ತಾನೆ. ದಿನಾ ಬೆಳಿಗ್ಗೆ ಇದೇ ಜಗಳ, ಮಕ್ಕಳ ಎದುರಿಗೇ.

ಮೊನ್ನೆ ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಫೋನ್ ಮಾಡಿದಾಗ, ಅಲ್ಲಿ ಇದೇ ಔಷಧಿ ತಿಂಗಳಿಗೊಂದು ಇಂಜೆಕ್ಷನ್ ಆಗಿ ಬರುತ್ತದೆ, ಚುಚ್ಚಿಸಿಕೊಂಡರೆ ಆಯಿತು ಅಂದ. ಬರುವಾಗ ತಂದುಕೊಡುತ್ತೇನೆ ಅಂತಲೂ ಹೇಳಿದ. ಹೌದಾ? ಚುಚ್ಚಿಸಿದರೆ ಬಿಟ್ಟುಬಿಡುತ್ತಾರಾ?

ಮದ್ದಿನಂಗಡಿ

ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ನಿಜ. ಒಂದೇ ಔಷಧಿ, ಎರಡು ರೂಪ. ಮಾತ್ರೆ 50 ಮಿಲಿಗ್ರಾಂ, ದಿನಕ್ಕೊಂದು. ಇಂಜೆಕ್ಷನ್ 380 ಮಿಲಿಗ್ರಾಂ, ನಾಲ್ಕು ವಾರಕ್ಕೊಂದು. ಅಲ್ಲಿ ಅದಕ್ಕೆ ವಿವಿಟ್ರಾಲ್ ಅಂತ ಹೆಸರು. ಕುಡಿತದ ಚಟಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಅಫೀಮಿನ ಜಾತಿಯ ಚಟಕ್ಕೆ, ಅಂದರೆ ಹೆರಾಯಿನ್, ನೋವಿನ ಮಾತ್ರೆ ಇವಕ್ಕೆ 2010ರಲ್ಲಿ.

ಕೆಲಸ ಮಾಡುವ ರೀತಿ ಹೀಗೆ. ಕುಡಿದಾಗ ಮೆದುಳಲ್ಲಿ ಎಂಡಾರ್ಫಿನ್ ಅಂತ ಒಂದು ರಸ ಬಿಡುಗಡೆಯಾಗುತ್ತದೆ. 'ಆಹಾ' ಅನ್ನಿಸುವುದು ಅದರಿಂದ. ಅದು ಹೋಗಿ ಕೂರುವ ಜಾಗದಲ್ಲಿ ಈ ಔಷಧಿ ಮೊದಲೇ ಕೂತಿರುತ್ತದೆ. ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಕುಡಿದರೂ ಆ ಮಜಾ ಮೊದಲಿನಷ್ಟು ಸಿಗುವುದಿಲ್ಲ, ನಿಧಾನಕ್ಕೆ ಆಸೆಯೂ ಕಡಿಮೆಯಾಗುತ್ತದೆ. ಆದರೆ ಅಮಲು ಏರುತ್ತದೆ, ಕಾಲು ತಡವರಿಸುತ್ತದೆ. ಇಂಜೆಕ್ಷನ್ ಆಗಿದೆ, ಏನೂ ಆಗಲ್ಲ ಅಂತ ಕುಡಿದು ಬೈಕ್ ಹತ್ತಿದರೆ ಮುಗಿಯಿತು.

ಬ್ಯಾಗಲ್ಲಿ ತರುವ ಯೋಚನೆ ಮಾತ್ರ ಬಿಡಿ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೊರಗೆ 25 ಡಿಗ್ರಿಯೊಳಗೆ ಏಳು ದಿನಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಬೆಲೆ ಅಲ್ಲಿ ಒಂದಕ್ಕೆ ಸಾವಿರ ಡಾಲರ್ ಮೇಲೆ. ತಂದರೂ ಒಂದು ತಿಂಗಳು. ಎರಡನೇ ತಿಂಗಳಿಗೆ ಎಲ್ಲಿಗೆ ಹೋಗುತ್ತೀರಿ?

ಸಾಗರದ ಮೇಷ್ಟ್ರು

ನನಗೆ ಈ ಇಂಜೆಕ್ಷನ್ ಕಥೆಯಲ್ಲಿ ನಂಬಿಕೆ ಇಲ್ಲ. ಮನಸ್ಸು ಗಟ್ಟಿ ಇಲ್ಲದವನಿಗೆ ಯಾವ ಸೂಜಿ ಏನು ಮಾಡುತ್ತದೆ? 2007ರ ಜುಲೈ 1ಕ್ಕೆ ಸರ್ಕಾರ ಸಾರಾಯಿ ನಿಲ್ಲಿಸಿತು. ನಿಂತಿದ್ದು ಸಾರಾಯಿ, ಕುಡಿತ ಅಲ್ಲ. ಧರ್ಮಸ್ಥಳದ ಯೋಜನೆಯವರ ಮದ್ಯವರ್ಜನ ಶಿಬಿರದಿಂದ ಬಂದು ನೆಟ್ಟಗಾದವರನ್ನು ನಾನೇ ನೋಡಿದ್ದೇನೆ. ಅವರಿಗೆ ಯಾರು ಇಂಜೆಕ್ಷನ್ ಕೊಟ್ಟರು?

ಕೊನೆಗಾರ

ಮೇಷ್ಟ್ರೇ, ಮನಸ್ಸು ಗಟ್ಟಿ ಮಾಡಿಕೋ ಅಂತ ನನಗೂ ಹದಿನೈದು ವರ್ಷ ಹೇಳಿದರು. 60 ಅಡಿ ಅಡಿಕೆ ಮರ ಹತ್ತಿ, ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟಿ ಕೊನೆ ಇಳಿಸುವವನು ನಾನು. ಮನಸ್ಸು ಗಟ್ಟಿ ಇಲ್ಲದಿದ್ದರೆ ಆಗುವ ಕೆಲಸವಾ ಅದು? ಆದರೂ ಸಂಜೆ ಐದಕ್ಕೆ ಕಾಲು ತಾನಾಗಿ ಅಂಗಡಿ ಕಡೆ ಹೋಗುತ್ತಿತ್ತು.

ಕುಡಿಯದೆ ಈಗ ಆರು ವರ್ಷ. ನಾನೂ ಶಿಬಿರಕ್ಕೆ ಹೋದವನೇ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಗೆ, ಅಂದರೆ ಕುಡಿತ ಬಿಟ್ಟವರ ಗುಂಪಿಗೆ, ಹೋದೆ, ಜೊತೆಗೆ ಮಾತ್ರೆಯನ್ನೂ ನುಂಗಿದೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು ಅಂತ ಎಲ್ಲಿದೆ?

ತಂಗೀ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅತ್ತಿಗೆ ಕೈಯಿಂದ ಮಾತ್ರೆ ಕೊಡಿಸುವುದನ್ನು ನಿಲ್ಲಿಸಿ. ನನ್ನ ಹೆಂಡತಿ ಕೊಡುವಾಗ ನಾನೂ ಉಗಿದಿದ್ದೇನೆ. ಹೆಂಡತಿ ಕೈಲಿ ಮಾತ್ರೆ ಇದ್ದರೆ ಅದು ಮಾತ್ರೆ ಅಲ್ಲ, ಪಂಚಾಯಿತಿ ತೀರ್ಪು. ನಿನ್ನೆ ತಂದದ್ದು, ಮೊನ್ನೆ ಬಿದ್ದದ್ದು, ತವರಿನವರ ಎದುರು ಮಾಡಿದ್ದು, ಎಲ್ಲ ಆ ಲೋಟ ನೀರಿನ ಜೊತೆಗೇ ಬರುತ್ತದೆ. ಕಡೆಗೆ ನನ್ನ ಮಾತ್ರೆ ಚೀಟಿಯನ್ನು ಹಾಲಿನ ಡೈರಿಯಲ್ಲಿ ಇಟ್ಟೆವು. ಬೆಳಿಗ್ಗೆ ಹಾಲು ಹಾಕಲು ಹೋದಾಗ ಅಲ್ಲಿ ಕೂರುವ ಗೆಳೆಯ ಕೊಡುತ್ತಿದ್ದ. ಅವನೇನೂ ಮಾತಾಡುತ್ತಿರಲಿಲ್ಲ. ಡಿಗ್ರಿ ನೋಡಿ, ಲೀಟರ್ ಬರೆದು, ಮಾತ್ರೆ ಕೊಟ್ಟು, 'ಮುಂದಿನವರು ಬನ್ನಿ' ಅನ್ನುತ್ತಿದ್ದ. ಒಂಬತ್ತು ತಿಂಗಳು ಹಾಗೇ ನಡೆಯಿತು.

ಶರಾವತಿ ಹಿನ್ನೀರು

ಅಕ್ಕಾ, ಇಷ್ಟೆಲ್ಲ ಎಂತಕ್ಕೆ? ಗೋಡೆ ಮೇಲೆ ಬರೆದಿರುತ್ತಾರಲ್ಲ, 'ಅವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸಿ' ಅಂತ. ಪುಡಿ ಕೊಡುತ್ತಾರೆ, ಸಾರಿಗೆ ಹಾಕಿದರೆ ಆಯಿತು. ನಮ್ಮ ಊರಲ್ಲಿ ಒಬ್ಬರಿಗೆ ವಾಂತಿ ಬಂದು ಬಂದು ಬಿಟ್ಟೇಬಿಟ್ಟರು.

ನಿವೃತ್ತ ಸಿಸ್ಟರ್

ದಯವಿಟ್ಟು ಆ ಕೆಲಸ ಮಾಡಬೇಡಿ. 31 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ಹೇಳುತ್ತಿದ್ದೇನೆ. ಅಂಥ ಪುಡಿಯಲ್ಲಿ ಏನಿದೆ ಅಂತ ಕೊಡುವವನೂ ಹೇಳುವುದಿಲ್ಲ. ವಾಂತಿ ಬರಿಸುವ ಔಷಧಿ ಅಂತ ಡಾಕ್ಟರು ಬರೆಯುವುದು ಡೈಸಲ್ಫಿರಾಮ್. ಅದನ್ನು ತಿಂದು ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ ಬಿಪಿ ಬೀಳುತ್ತದೆ. ಹೃದಯ ಸರಿ ಇಲ್ಲದವರಿಗೆ ಜೀವಕ್ಕೇ ಬರಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗಬಹುದು. ಅಷ್ಟೇಕೆ, ಹೊಟ್ಟೆಗೆ ಅಂತ ದ್ರಾಕ್ಷಾಸವ ಕುಡಿದರೂ ಆಗಬಹುದು, ಆಸವ ಅರಿಷ್ಟಗಳಲ್ಲಿ ಮದ್ಯಸಾರ ಇರುತ್ತದಲ್ಲ. ಗೊತ್ತಿದ್ದು ಒಪ್ಪಿಕೊಂಡು ತಿನ್ನುವವರಿಗೆ ಅದು ಒಳ್ಳೆಯ ಔಷಧಿ. ಸಾರಿನಲ್ಲಿ ಹಾಕಿದರೆ ಅದು ವಿಷ ಹಾಕಿದ ಹಾಗೆಯೇ.

ನಾಲ್ಟ್ರೆಕ್ಸೋನ್ ಹಾಗಲ್ಲ. ಅದನ್ನು ತಿಂದು ಕುಡಿದರೆ ಹೀಗೆ ವಾಂತಿ ಬಂದು ಬೀಳುವುದಿಲ್ಲ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ತಂಗೀ, ನೀವು ಬರೆದದ್ದರಲ್ಲಿ ನನಗೆ ಹೆದರಿಕೆಯಾಗಿದ್ದು ಇಂಜೆಕ್ಷನ್ ವಿಷಯಕ್ಕಲ್ಲ. ಬೆಳಿಗ್ಗೆ ಕೈ ನಡುಗುತ್ತದೆ ಅಂದಿರಲ್ಲ, ಅದಕ್ಕೆ. ಅಷ್ಟು ಹಿಡಿತ ಕೂತವರು 'ಇವತ್ತಿಂದ ಬಿಟ್ಟೆ' ಅಂತ ಮನೆಯಲ್ಲೇ ನಿಲ್ಲಿಸಬಾರದು. ನಿಲ್ಲಿಸಿ 6ರಿಂದ 24 ಗಂಟೆಯೊಳಗೆ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ ಹಿಡಿಯಬಹುದು. ಗೋಡೆ ಮೇಲೆ ಹುಳ ಹರಿಯುತ್ತಿವೆ, ಯಾರೋ ಕರೆಯುತ್ತಿದ್ದಾರೆ ಅಂತೆಲ್ಲ ಶುರುವಾಗುತ್ತದೆ. ನಮ್ಮ ಕಡೆ ಇದಕ್ಕೆ ದೆವ್ವ ಹಿಡಿದಿದೆ ಅಂತ ತಾಯಿತ ಕಟ್ಟಿಸಿ ಎರಡು ದಿನ ಕಳೆದು, ಆಮೇಲೆ ಕರೆತಂದವರನ್ನು ನೋಡಿದ್ದೇನೆ. ತಡವಾಗಿತ್ತು.

ನಾಲ್ಟ್ರೆಕ್ಸೋನ್, ಮಾತ್ರೆಯಾಗಲಿ ಸೂಜಿಯಾಗಲಿ, ಈ ನಡುಕವನ್ನು ತಡೆಯುವುದಿಲ್ಲ. ಅದಕ್ಕೆ ಬೇರೆ ಔಷಧಿ, ಜೊತೆಗೆ ಬಿ-1 ಜೀವಸತ್ವ. ಕುಡಿಯುವವರ ಮೈಯಲ್ಲಿ ಬಿ-1 ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮೆದುಳಿಗೆ ಏಟು. 'ಸುಸ್ತಾಗಿದ್ದಾನೆ, ಒಂದು ಬಾಟಲಿ ಹಾಕಿಸಿ' ಅಂತ ಸಿಕ್ಕಲ್ಲಿ ಕರೆದುಕೊಂಡು ಹೋಗಬೇಡಿ.

ತೀರ್ಥಹಳ್ಳಿ ತಂಗಿ

ಸಿಸ್ಟರ್, ಓದಿ ಕೈಕಾಲು ತಣ್ಣಗಾಯಿತು. ಶಿಬಿರದಿಂದ ಬಂದ ಮೇಲೆ ಎರಡು ಸಲ ನಾವೇ ರೂಮಿನ ಬಾಗಿಲು ಹಾಕಿ ನಿಲ್ಲಿಸಲು ನೋಡಿದ್ದೆವು. ಆ ಪುಡಿಯನ್ನೂ ಅಮ್ಮ ತರಿಸಿದ್ದರು. ಹಾಕಲು ಅತ್ತಿಗೆ ಒಪ್ಪಲಿಲ್ಲ. ಈಗ ಅರ್ಥವಾಯಿತು.

ಕಡಲಾಚೆ ಕೊಪ್ಪದವಳು

ನಾನು ಅಮೆರಿಕದ ಒಂದು ಕ್ಲಿನಿಕ್‌ನಲ್ಲಿ ನರ್ಸ್. ಈ ಇಂಜೆಕ್ಷನ್ ಕೊಡುವುದೇ ನನ್ನ ಕೆಲಸ, ಅದಕ್ಕೆ ಒಂಚೂರು ಉದ್ದ ಬರೆಯುತ್ತೇನೆ.

ಮನೆಯಲ್ಲಿ ಚುಚ್ಚಿಕೊಳ್ಳುವಂಥದ್ದಲ್ಲ ಇದು. ಫ್ರಿಜ್ಜಿನಿಂದ ತೆಗೆದು ಮುಕ್ಕಾಲು ಗಂಟೆ ಹೊರಗಿಡುತ್ತೇವೆ. ಪುಡಿಯನ್ನು ದ್ರವದಲ್ಲಿ ಚೆನ್ನಾಗಿ ಕುಲುಕಿ ಬೆರೆಸಿ ತಕ್ಷಣ ಕೊಡಬೇಕು. ಕುಂಡೆಯ ಮಾಂಸದೊಳಕ್ಕೆ ಆಳವಾಗಿ, ಉದ್ದ ಸೂಜಿ. ಈ ತಿಂಗಳು ಬಲಕ್ಕಾದರೆ ಮುಂದಿನ ತಿಂಗಳು ಎಡಕ್ಕೆ. ಪುಡಿಯ ಸಣ್ಣ ಕಾಳುಗಳು ಕರಗುವ ಹೊಲಿಗೆ ದಾರದ ಜಾತಿಯ ವಸ್ತುವಿನಿಂದ ಮಾಡಿದ್ದು. ಅವು ಮೆಲ್ಲಗೆ ಕರಗುತ್ತಾ ತಿಂಗಳಿಡೀ ಔಷಧಿ ಬಿಡುತ್ತವೆ. ಚುಚ್ಚಿದ ಜಾಗ ಗಂಟುಗಟ್ಟಿ ನೋಯುತ್ತದೆ, ಕೆಲವರಿಗೆ ಹುಣ್ಣಾಗಿ ಕೊಯ್ಯಬೇಕಾಗಿ ಬಂದದ್ದೂ ಉಂಟು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು. ಒಮ್ಮೆ ಒಳಗೆ ಹೋದ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲ. ಮೈಗೆ ಒಗ್ಗದಿದ್ದರೂ ತಿಂಗಳು ಕಾಯಲೇಬೇಕು.

ಫಲ ಎಷ್ಟು? 2005ರಲ್ಲಿ ಬಂದ ದೊಡ್ಡ ಪರೀಕ್ಷೆಯಲ್ಲಿ 624 ಜನ ಇದ್ದರು. ಎಲ್ಲರಿಗೂ ಆಪ್ತಸಲಹೆ ಇತ್ತು. ಕೆಲವರಿಗೆ ಔಷಧಿ, ಕೆಲವರಿಗೆ ಔಷಧಿ ಇಲ್ಲದ ಸೂಜಿ. 380 ಮಿಲಿಗ್ರಾಂ ಸಿಕ್ಕವರಲ್ಲಿ ವಿಪರೀತ ಕುಡಿಯುವ ದಿನಗಳು ಔಷಧಿ ಇಲ್ಲದ ಸೂಜಿಯವರಿಗಿಂತ ಸುಮಾರು 25 ಶೇಕಡ ಕಡಿಮೆಯಾದವು. ಕುಡಿತ ನಿಲ್ಲಿಸಿ ಬಂದವರಿಗೆ ಫಲ ಹೆಚ್ಚು. ನೂರಕ್ಕೆ ನೂರು ಅಲ್ಲ, ಆದರೆ ತಿಂಗಳಲ್ಲಿ ಇಪ್ಪತ್ತು ದಿನ ಬೀಳುವವರು ಹದಿನೈದು ದಿನ ಬಿದ್ದರೂ ಆ ಮನೆಗೆ ಅದು ದೊಡ್ಡದೇ.

ನನ್ನ ಹತ್ತಿರ ಬರುವವರು ಹೇಳುವುದು ಇನ್ನೊಂದು. 'ದಿನಾ ಬೆಳಿಗ್ಗೆ ನುಂಗಲಾ ಬೇಡವಾ ಅಂತ ಯೋಚಿಸಬೇಕಿಲ್ಲ. ತಿಂಗಳಿಗೆ ಒಂದೇ ಸಲ ಮನಸ್ಸು ಮಾಡಿದರೆ ಸಾಕು.' ಇದರ ಲಾಭ ಅಷ್ಟೇ, ಕಷ್ಟವೂ ಅದೇ. ಎರಡನೆಯದಕ್ಕೆ, ಮೂರನೆಯದಕ್ಕೆ ಬಾರದೆ ಹೋಗುವವರು ಬಹಳ ಜನ. 'ಈಗ ಆರಾಮಿದ್ದೇನೆ, ಇನ್ನೆಂತಕ್ಕೆ' ಅಂತ.

ಹೆಸರು ಬೇಡ

ಕುಡಿತದ ಬಗ್ಗೆ ಅಲ್ಲ, ಆದರೂ ಕೇಳಬಹುದಾ? ನಾನು ಭದ್ರಾವತಿ ಕಡೆಯವನು, 24. ಟೇಪೆಂಟಡಾಲ್ ಅಂತ ನೋವಿನ ಮಾತ್ರೆಯ ಚಟ. ಬೆನ್ನು ನೋವಿಗೆ ಶುರುವಾಗಿದ್ದು. ಈಗ ಬೆನ್ನು ನೋಯುವುದಿಲ್ಲ, ಮಾತ್ರೆ ಇಲ್ಲದಿದ್ದರೆ ಮೈಯೆಲ್ಲ ನೋಯುತ್ತದೆ. ಈ ಇಂಜೆಕ್ಷನ್ ನನಗೂ ಆಗುತ್ತದಾ? ನಾಲ್ಟ್ರೆಕ್ಸೋನ್ ಮಾತ್ರೆ ಸಿಕ್ಕರೆ ನಾಳೆಯೇ ಶುರು ಮಾಡುತ್ತೇನೆ.

ಮದ್ದಿನಂಗಡಿ

ತಮ್ಮಾ, ನಿಲ್ಲು. ನಾಳೆ ತೆಗೆದುಕೊಳ್ಳಬೇಡ.

ಟೇಪೆಂಟಡಾಲ್, ಟ್ರಾಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಹೆರಾಯಿನ್ ಎಲ್ಲ ಒಂದೇ ಬಳಗ. ಅವು ಮೈಯಲ್ಲಿ ಇರುವಾಗ ನಾಲ್ಟ್ರೆಕ್ಸೋನ್ ಕೊಟ್ಟರೆ ಕೂತಿದ್ದವರನ್ನೆಲ್ಲ ಒಂದೇ ಏಟಿಗೆ ಸೀಟಿಂದ ಎಬ್ಬಿಸಿ ಓಡಿಸುತ್ತದೆ. ವಾಂತಿ, ಭೇದಿ, ಮೈ ಕಿತ್ತು ಬರುವ ಹಾಗೆ ನೋವು, ಆಸ್ಪತ್ರೆ ಸೇರಬೇಕಾಗುತ್ತದೆ. ಕಡಿಮೆ ಅಂದರೂ 7ರಿಂದ 10 ದಿನ ಅವು ಯಾವುದೂ ಮೈಯಲ್ಲಿ ಇರಬಾರದು. ಆ ಹತ್ತು ದಿನ ಒಬ್ಬನೇ ದಾಟುವುದು ಸುಲಭವಲ್ಲ.

ಕಡಲಾಚೆ ಕೊಪ್ಪದವಳು

ಇದಕ್ಕೆ ಸೇರಿಸುತ್ತೇನೆ. ನಿನ್ನಂಥವರಿಗೆ ಇನ್ನೊಂದು ದಾರಿ ಇದೆ, ಬುಪ್ರೆನಾರ್ಫಿನ್. ಭಾರತದಲ್ಲಿ ನಾಲಿಗೆ ಕೆಳಗೆ ಇಟ್ಟು ಕರಗಿಸುವ ಮಾತ್ರೆಯಾಗಿ ಕೊಡುತ್ತಾರೆ, ಹೆಚ್ಚಾಗಿ ಆಸ್ಪತ್ರೆಯವರ ಕಣ್ಣೆದುರು. ಇಲ್ಲಿ ಅದಕ್ಕೂ ತಿಂಗಳ ಇಂಜೆಕ್ಷನ್ 2017ರಲ್ಲಿ ಬಂತು, ಹೊಟ್ಟೆಯ ಚರ್ಮದ ಕೆಳಗೆ ಚುಚ್ಚುವುದು. ಅದು ಸೀಟನ್ನು ಅರ್ಧ ತುಂಬಿಸುವ ಔಷಧಿ. ನೋವು, ತಳಮಳ ತಣ್ಣಗಾಗುತ್ತದೆ. ಹತ್ತು ದಿನ ಕಾಯಬೇಕಿಲ್ಲ, ತಳಮಳ ಶುರುವಾದ ಕೂಡಲೇ ಡಾಕ್ಟರು ಕೊಡಬಹುದು.

570 ಜನರ ಮೇಲೆ ಎರಡನ್ನೂ ಹೋಲಿಸಿ ನೋಡಿದ್ದಾರೆ. ಬುಪ್ರೆನಾರ್ಫಿನ್ ಗುಂಪಿನಲ್ಲಿ ನೂರಕ್ಕೆ 94 ಜನ ಔಷಧಿ ಶುರು ಮಾಡಿದರು. ನಾಲ್ಟ್ರೆಕ್ಸೋನ್ ಇಂಜೆಕ್ಷನ್ ಗುಂಪಿನಲ್ಲಿ 72. ಉಳಿದವರು ಆ ಕಾಯುವ ದಿನಗಳಲ್ಲೇ ಜಾರಿದರು.

ಇನ್ನೊಂದು ಮಾತು, ಇದು ಹೆದರಿಸಲು ಅಲ್ಲ. ನಾಲ್ಟ್ರೆಕ್ಸೋನ್ ಮೇಲೆ ಇದ್ದು ಬಿಟ್ಟವರಿಗೆ ನಶೆ ತಡೆದುಕೊಳ್ಳುವ ಹಳೆಯ ತಾಕತ್ತು ಇರುವುದಿಲ್ಲ. ಇಂಜೆಕ್ಷನ್ ತಪ್ಪಿ ಐದನೇ ವಾರ 'ಮೊದಲಿನಷ್ಟೇ' ತೆಗೆದುಕೊಂಡರೆ ಉಸಿರು ನಿಂತುಬಿಡಬಹುದು. ನಾನು ಕೊಟ್ಟ ಒಬ್ಬ ಹುಡುಗ ಹಾಗೆ ಹೋದ. ನಿನ್ನ ವಯಸ್ಸೇ.

ಹೆಸರು ಬೇಡ

ಸರಿ ಅಕ್ಕಾ. ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಗೊತ್ತಿಲ್ಲ.

ನಿವೃತ್ತ ಸಿಸ್ಟರ್

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗದ ಓಪಿಡಿಗೆ ಹೋಗು ಮಗಾ. ಮೊದಲು ಫೋನಲ್ಲಿ ಮಾತಾಡಬೇಕು ಅನ್ನಿಸಿದರೆ 14416, ಟೆಲಿ ಮನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಶೆ ಬಿಡಲು ಅಂತಲೇ 14446 ಇದೆ. ಬೆಂಗಳೂರಿಗೆ ಹೋಗುವ ಹಾಗಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ಕೇಂದ್ರವಿದೆ.

ಮನೋರೋಗ ಅನ್ನುವ ಬೋರ್ಡು ನೋಡಿ ಹಿಂದೆ ಸರಿಯಬೇಡ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈಯವರು ಬರೆದು, ಮಾತಾಡಿ, ಸಿನಿಮಾ ತೆಗೆದು, ಮನಸ್ಸಿಗೂ ಡಾಕ್ಟರು ಇರುತ್ತಾರೆ ಅಂತ ಈ ಜಿಲ್ಲೆಗೆ ಅಭ್ಯಾಸ ಮಾಡಿಸಿ ಹೋಗಿದ್ದಾರೆ. ಬೇರೆ ಊರಿಗಿಂತ ಇಲ್ಲಿ ನಾಚಿಕೆ ಕಡಿಮೆ.

ಸಾಗರದ ಮೇಷ್ಟ್ರು

ಗಾಂಜಾಕ್ಕೆ ಇದು ಆಗುತ್ತದಾ? ನಮ್ಮ ಹುಡುಗರಲ್ಲಿ ಈಗ ಅದೇ ಜಾಸ್ತಿ.

ಮದ್ದಿನಂಗಡಿ

ಇಲ್ಲ ಮೇಷ್ಟ್ರೇ. ಕುಡಿತ, ಅಫೀಮಿನ ಬಳಗ, ಇವೆರಡಕ್ಕೇ.

ಕೊನೆಗಾರ

ಮರ ಹತ್ತುವವರಿಗೆ ನನ್ನದೊಂದು ಕಿವಿಮಾತು. ಮಾತ್ರೆ ಮೇಲಿದ್ದಾಗ ಒಮ್ಮೆ ಬಿದ್ದು ಕೈ ಮುರಿಯಿತು. ಆಸ್ಪತ್ರೆಯಲ್ಲಿ ನೋವಿಗೆ ಟ್ರಾಮಡಾಲ್ ಸೂಜಿ ಹಾಕಿದರು, ಏನೂ ಆಗಲಿಲ್ಲ. ಇನ್ನೊಂದು ಹಾಕಲು ಬಂದರು. ನಾನು ನಾಲ್ಟ್ರೆಕ್ಸೋನ್ ತಿನ್ನುತ್ತೇನೆ ಅಂತ ಹೇಳಿದ ಮೇಲೆ ಡಾಕ್ಟರು ಬೇರೆ ಜಾತಿಯ ನೋವಿನ ಔಷಧಿ ಕೊಟ್ಟು, ಕೈಗಷ್ಟೇ ಮರಗಟ್ಟಿಸಿ ಮೂಳೆ ಕೂರಿಸಿದರು. ಹೇಳದಿದ್ದರೆ? ಮಾತ್ರೆಯಾದರೆ ಎರಡು ಮೂರು ದಿನಕ್ಕೆ ಇಳಿಯುತ್ತದೆ. ಇಂಜೆಕ್ಷನ್ ಆದರೆ ತಿಂಗಳಿಡೀ ಹಾಗೆಯೇ ಅಲ್ವಾ? ಆಗಿನಿಂದ ಆಧಾರ್ ಕಾರ್ಡಿನ ಹಿಂದೆ ನಾಲ್ಟ್ರೆಕ್ಸೋನ್ ತಿನ್ನುತ್ತೇನೆ ಅಂತ ಬರೆದ ಒಂದು ಚೀಟಿ ಇಟ್ಟುಕೊಂಡಿದ್ದೆ.

ಕಡಲಾಚೆ ಕೊಪ್ಪದವಳು

ನೂರಕ್ಕೆ ನೂರು ನಿಜ. ಇಲ್ಲಿ ಇಂಜೆಕ್ಷನ್ ಕೊಟ್ಟವರಿಗೆಲ್ಲ ಅಂಥದ್ದೇ ಒಂದು ಕಾರ್ಡ್ ಕೊಡುತ್ತೇವೆ.

ಸಾಗರದ ಮೇಷ್ಟ್ರು

ನನ್ನ ಮೊದಲ ಮಾತು ಸ್ವಲ್ಪ ಗಡುಸಾಯಿತು ಅನ್ನಿಸುತ್ತಿದೆ. ನನ್ನ ತಮ್ಮನಿಗೂ ಹೀಗೇ ಹೇಳುತ್ತಿದ್ದೆ, ಮನಸ್ಸು ಗಟ್ಟಿ ಮಾಡು ಅಂತ. ಅವನು ಈಗಿಲ್ಲ. ಅಷ್ಟೇ.

ಕೊನೆಗಾರ

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ ಮಾರಾಯ್ರೆ. ನೀವು ಹೇಳಿದ್ದನ್ನೇ ಆ ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು.

ತೀರ್ಥಹಳ್ಳಿ ತಂಗಿ

ಎಲ್ಲರಿಗೂ ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಕೊನೆಗಾರ ಅಣ್ಣ ಬರೆದದ್ದನ್ನು ಅಣ್ಣನಿಗೇ ಓದಿ ಹೇಳಿದೆ. 'ಪಂಚಾಯಿತಿ ತೀರ್ಪು' ಅನ್ನುವಲ್ಲಿ ನಕ್ಕ. ಅತ್ತಿಗೆ ಒಳಗಿಂದ ಕೇಳಿಸಿಕೊಂಡು, 'ನನಗೂ ಸಾಕಾಗಿದೆ ಆ ಜಡ್ಜ್ ಕೆಲಸ' ಅಂದರು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋರೋಗದ ಡಾಕ್ಟರು ಬರುತ್ತಾರಲ್ಲ, ಮನೋಚೈತನ್ಯ ಅಂತ, ಅಲ್ಲಿಗೆ ತಾನೇ ಬೈಕಲ್ಲಿ ನನ್ನ ಹಿಂದೆ ಕೂತು ಬಂದ. ಅವರು ಕೈ ಚಾಚಿಸಿ ನೋಡಿದವರೇ ಶಿವಮೊಗ್ಗದಲ್ಲಿ ಅಡ್ಮಿಟ್ ಆಗಲು ಬರೆದುಕೊಟ್ಟರು. ಎಂಟು ದಿನ ಇದ್ದೆವು. ಮೂರನೇ ರಾತ್ರಿ ಮಂಚದ ಕೆಳಗೆ ಯಾರೋ ಅಡಿಕೆ ಸುಲಿಯುತ್ತಿದ್ದಾರೆ ಅಂತ ಎದ್ದು ಕೂತಿದ್ದ. ಸಿಸ್ಟರ್ ಹೇಳಿರದಿದ್ದರೆ ನಾನು ಎದೆ ಒಡೆದು ಸಾಯುತ್ತಿದ್ದೆ. ಸೂಜಿ ಹಾಕಿದರು, ಬೆಳಗಿನೊಳಗೆ ತಣ್ಣಗಾಯಿತು.

ಇಂಜೆಕ್ಷನ್ ಬಗ್ಗೆ ಕೇಳಿದೆ. ಮಾತ್ರೆ ಸರಿಯಾಗಿ ಹೊಟ್ಟೆಗೆ ಹೋದರೆ ಅದೇ ಸಾಕು, ಹೋಗುವ ವ್ಯವಸ್ಥೆ ಮಾಡಿ ಅಂದರು. ಲಿವರ್ ರಕ್ತ ಪರೀಕ್ಷೆ ಮಾಡಿಸಿ, ಅದು ನೋಡಿ ಮೊನ್ನೆಯಿಂದ ನಾಲ್ಟ್ರೆಕ್ಸೋನ್ ಮತ್ತೆ ಶುರು. ಮಾತ್ರೆ ಡೈರಿಯಲ್ಲಿ ಇಡಲು ಅವನಿಗೆ ನಾಚಿಕೆ. ಕೊನೆಗೆ ಅವನೇ ಹೇಳಿದ್ದು, ಮಗಳ ಸ್ಕೂಲ್ ವ್ಯಾನ್ ಡ್ರೈವರ್ ಕೈಯಲ್ಲಿ. ಇಬ್ಬರೂ ಒಂದೇ ಕ್ಲಾಸಿನವರು. ಮಗಳನ್ನು ಹತ್ತಿಸುವಾಗ ಮಾತ್ರೆ ಇಳಿಯುತ್ತದೆ. ಭಾನುವಾರ ಏನು ಮಾಡುವುದು ಅಂತ ಇನ್ನೂ ತೀರ್ಮಾನ ಆಗಿಲ್ಲ.

ಮದ್ದಿನಂಗಡಿ

ತುಂಬಾ ಖುಷಿಯಾಯಿತು. ಭಾನುವಾರದ ಬಗ್ಗೆ ಡಾಕ್ಟರನ್ನು ಕೇಳಿ. ಈ ಮಾತ್ರೆಯನ್ನು ವಾರಕ್ಕೆ ಮೂರು ದಿನ, ಸೋಮ ಬುಧ ಎರಡೆರಡು, ಶುಕ್ರವಾರ ಮೂರು ಅಂತ ಕೊಡುವ ಕ್ರಮವೂ ಇದೆ. ಅವರು ಬರೆದರೆ ಮಾತ್ರ, ನೀವಾಗಿ ಬದಲಾಯಿಸಬೇಡಿ.

ತೀರ್ಥಹಳ್ಳಿ ತಂಗಿ

ಕೇಳುತ್ತೇನೆ. ಇನ್ನೊಂದು, ನಿನ್ನೆಯಿಂದ ಅವನಿಗೆ ಹಲ್ಲುನೋವು. ಮನೆಯಲ್ಲಿ ಅಪ್ಪಯ್ಯನ ಸೊಂಟಕ್ಕೆ ತಂದ ಮಾತ್ರೆ ಇದೆ, ಕೊಡಬಹುದಾ?

ಮದ್ದಿನಂಗಡಿ

ಮಾತ್ರೆ ಚೀಟಿಯ ಹಿಂದೆ ಓದಿ. ಪ್ಯಾರಾಸಿಟಮಾಲ್ ಜೊತೆ ಟ್ರಾಮಡಾಲ್ ಅಂತ ಇದ್ದರೆ ಬೇಡ. ಬರೀ ಪ್ಯಾರಾಸಿಟಮಾಲ್ ಆದರೂ ಅವನ ಲಿವರ್ ರಿಪೋರ್ಟ್ ನೋಡಿದ ಡಾಕ್ಟರನ್ನು ಕೇಳಿ, ಎಷ್ಟು ಕೊಡಬೇಕು ಅಂತ. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಕೂತ ಕೂಡಲೇ ನಾಲ್ಟ್ರೆಕ್ಸೋನ್ ವಿಷಯ ಹೇಳಿಬಿಡಿ.

ತೀರ್ಥಹಳ್ಳಿ ತಂಗಿ

ಟ್ರಾಮಡಾಲ್ ಇದೆ. ತೆಗೆದು ಅಮ್ಮನ ಗೋದ್ರೇಜಿಗೆ ಹಾಕಿದೆ. ಹಲ್ಲಿನ ಡಾಕ್ಟರ ಹತ್ತಿರ ನಾಳೆ ಹತ್ತು ಗಂಟೆಗೆ.